ಹನ್ನೊಂದು ಸೆಕೆಂಡಿನ ಸಾಕ್ಷಿ

ನಾನು ಆಡಿದ ಮಾತನ್ನು ಅಲ್ಲಗಳೆಯುವುದಿಲ್ಲ. “ಪರೀಕ್ಷೆ ಮುಗಿಯುವವರೆಗೆ ಯಾವ ಕಾರಣವನ್ನೂ ತಳ್ಳಿಹಾಕುವಂತಿಲ್ಲ” ಎಂದು ನಾನೇ ಹೇಳಿದೆ, ಪೂರ್ಣ ಪ್ರಜ್ಞೆಯಿಂದ ಹೇಳಿದೆ, ಪಶುವೈದ್ಯ ಕಾಲೇಜಿನಲ್ಲಿ ನನಗೆ ಕಲಿಸಿದ್ದ ಕ್ರಮದಲ್ಲಿಯೇ ಹೇಳಿದೆ. ಅದಕ್ಕೆ ಮೊದಲು ನಾಲ್ಕು ನಿಮಿಷ, ಅದರ ನಂತರ ಆರು ನಿಮಿಷ ಬೇರೆ ಮಾತುಗಳನ್ನೂ ಆಡಿದ್ದೆ. ಅವು ಯಾವುವೂ ಉಳಿಯಲಿಲ್ಲ. ಉಳಿದದ್ದು ಹನ್ನೊಂದು ಸೆಕೆಂಡು.

ಕೊಂಡ್ಲಹಳ್ಳಿಯ ಆಚೆ ಗುಡ್ಡದ ಬುಡದಲ್ಲಿರುವ ಒಂದು ಹಟ್ಟಿಯಲ್ಲಿ ಹತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಕುರಿಗಳು ಕಂದು ಹಾಕಿದ್ದವು. ದಿನ ತುಂಬುವ ಮೊದಲೇ ಸತ್ತ ಮರಿ ಬೀಳುವುದಕ್ಕೆ ನಮ್ಮ ಕಡೆ ಹೀಗೆನ್ನುತ್ತಾರೆ. ಚಳ್ಳಕೆರೆಯ ನಮ್ಮ ಸಣ್ಣ ಪ್ರಯೋಗಾಲಯದಿಂದ ರೋಗ ತಪಾಸಣೆಗೆ ಹೋದವಳು ನಾನು. ನನ್ನ ಅನುಮಾನ ಒಂದು ರೋಗಾಣುವಿನ ಮೇಲಿತ್ತು. ಅದು ಕುರಿಯ ಗರ್ಭಕ್ಕೆ ಹಬ್ಬಿ, ಬಿದ್ದ ಮರಿಯಲ್ಲಿ, ಮಾಸಿನಲ್ಲಿ, ಹಾಲಿನಲ್ಲಿ ಹೊರಬರುತ್ತದೆ. ಬರಿಗೈಯಲ್ಲಿ ಮುಟ್ಟಿದ ಮನುಷ್ಯರಿಗೂ ತಗಲುತ್ತದೆ. ಆದುದರಿಂದ ಮೊಣಕಾಲುದ್ದದ ರಬ್ಬರ್ ಬೂಟು, ಕೈಗವಸು, ಮುಖಗವಸು ಧರಿಸಿ ಜೀಪಿನಿಂದ ಇಳಿದೆ.

ಹಟ್ಟಿಯ ಯಜಮಾನ ದೊಡ್ಡೀರಪ್ಪ ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಯ ಬಾಗಿಲಲ್ಲಿ ಅಡ್ಡ ನಿಂತ. ಎಪ್ಪತ್ತರ ಆಸುಪಾಸಿನ ಮನುಷ್ಯ; ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

“ಡಾಕ್ಟ್ರಮ್ಮ, ಕಾಲಾಗಿನವು ಬಿಚ್ಚಿ ಬರ್ರಿ. ರೊಪ್ಪ ಅಂದ್ರೆ ನಮಗೆ ಗುಡಿ ಇದ್ದಂಗೆ. ಕಲೆಕ್ಟ್ರು ಬಂದ್ರೂ ಬರಿಗಾಲು.”

“ಯಜಮಾನರೇ, ನೆಲದ ಮೇಲೆ ರೋಗ ಇರಬಹುದು. ಬರಿಗಾಲಲ್ಲಿ ನಾನೂ ಬರಬಾರದು, ನೀವೂ ಓಡಾಡಬಾರದು.”

“ನಮ್ಮಪ್ಪನ ಕಾಲದಿಂದ ಓಡಾಡ್ತಾ ಇದೀವಲ್ಲ, ಸತ್ತೀವಾ?”

ನಾನು ಒಳಗೆ ಹೋಗಲಿಲ್ಲ. ಕುರಿಗಳನ್ನು ಒಂದೊಂದಾಗಿ ಬಾಗಿಲಿಗೆ ತರಿಸಿ, ಹೊರಗೆ ನಿಂತೇ ರಕ್ತದ ಮಾದರಿ ತೆಗೆದುಕೊಂಡೆ. ಕಂದು ಹಾಕಿದ ಮರಿಗಳನ್ನು ಎತ್ತಿ ಹಾಕುವ ಕೆಲಸ ಯಾರದೆಂದು ಕೇಳಿದಾಗ ದೊಡ್ಡೀರಪ್ಪನ ಹೆಂಡತಿ ಪಾತಮ್ಮ ತನ್ನ ಸೊಸೆಯತ್ತ ಕೈ ತೋರಿಸಿದಳು. ರೂಪ ಎಂಬ ಆ ಹೆಣ್ಣುಮಗಳು ಆರು ತಿಂಗಳ ಬಸುರಿ. ಗಂಡ ಲೋಹಿತ ದೊಡ್ಡ ಮಂದೆಯೊಂದಿಗೆ ಆಂಧ್ರದ ಕಡೆ ಮೇವಿಗೆ ಹೋಗಿದ್ದ. ಅವಳ ಕೈಗಳು ಬರಿದಾಗಿದ್ದವು. ಮುಟ್ಟಬೇಡವೆಂದೆ, ಮುಟ್ಟಲೇಬೇಕಾದರೆ ತೊಟ್ಟುಕೊ ಎಂದು ಕೈಗವಸಿನ ಪೆಟ್ಟಿಗೆಯೊಂದನ್ನು ಕೊಟ್ಟೆ. ಹಸಿ ಹಾಲು ಕುಡಿಯಬೇಡವೆಂದೆ. ಸಂಜೆಯ ಜ್ವರ ಬಂದರೆ ಹೇಳೆಂದು ನನ್ನ ಸಂಖ್ಯೆಯನ್ನು ಅವಳ ಫೋನಿಗೆ ಹಾಕಿಕೊಟ್ಟೆ.

ಅದೇ ಹೊತ್ತಿಗೆ ಸುದ್ದಿವಾಹಿನಿಯೊಂದರ ವರದಿಗಾರ ರವಿಕಿರಣ್ ಬಂದ. ಅವನು ಮೊಳಕಾಲ್ಮೂರಿನವನೇ. ಬೈಕು ನಿಲ್ಲಿಸಿದವನೇ ಯಾರೂ ಹೇಳುವ ಮೊದಲು ಚಪ್ಪಲಿ ಬಿಟ್ಟು, ರೊಪ್ಪದ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಹೋಗಿ ಕುಳಿತ. ಅವರು ಕೊಟ್ಟ ಚಹಾ ಕುಡಿದ. ಹೊರಬಂದು ನನ್ನ ಮುಂದೆ ಮೈಕು ಹಿಡಿದು, ಗುಡ್ಡದ ಮೇಲೆ ಹೊಸದಾಗಿ ನಿಂತಿದ್ದ ಗಾಳಿಯಂತ್ರಗಳತ್ತ ಬೆರಳು ಮಾಡಿ ಕೇಳಿದ: “ಮೇಡಂ, ಆ ಫ್ಯಾನಿನ ಕಂಪನದಿಂದ ಹಿಂಗಾಗಿರಬೌದಾ?”

ಆಗಲೇ ನಾನು ಆ ಮಾತು ಹೇಳಿದ್ದು. ಇಲ್ಲವೆಂದು ಒಂದೇ ಪದದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಪುರಾವೆ ಕೈಗೆ ಬರುವ ಮುನ್ನ ನಾಲಿಗೆ ಬಿಗಿಹಿಡಿಯಬೇಕೆಂಬುದು ನನ್ನ ಶಿಕ್ಷಣ. ಆ ಶಿಕ್ಷಣ ತಪ್ಪಲ್ಲ. ಆದರೆ ತರಗತಿಯ ಎಚ್ಚರದ ಮಾತನ್ನು ಮೈಕಿನ ಮುಂದೆ ಇಡುವುದು ಬಾಗಿಲು ತೆರೆದಿಟ್ಟು ಮಲಗಿದಂತೆ ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ, ನಾನಾಗಿ ಕಲಿತಿರಲೂ ಇಲ್ಲ.

ಮರುದಿನ ಸಂಜೆ ಚಳ್ಳಕೆರೆಯ ನಮ್ಮ ಮನೆಯಲ್ಲಿ ಟೀವಿಯ ಮುಂದೆ ಅವ್ವ ಶಿವಬಸಮ್ಮ ಕಾಲು ಚಾಚಿ ಕುಳಿತಿದ್ದಳು. “ಬಾರೇ ಜ್ಯೋತಿ, ನೀನೇ ಬಂದೀಯ!” ಎಂದು ಕೂಗಿದಳು. ಪರದೆಯ ಮೇಲೆ ನಾನು, ನನ್ನ ಬೂಟು, ನನ್ನ ಕೈಗವಸು. ಬೂಟಿನ ಸುತ್ತ ಕೆಂಪು ವೃತ್ತ. ಕೆಳಗೆ ಓಡುತ್ತಿದ್ದ ಅಕ್ಷರಗಳು: ‘ಫ್ಯಾನಿನ ಕಿರಣಕ್ಕೆ ಹೆದರಿ ಕವಚ ತೊಟ್ಟ ಸರ್ಕಾರಿ ವೈದ್ಯೆ! ಬಡವರ ಕುರಿಗಳಿಗೆ ಯಾರು ದಿಕ್ಕು?’ ಬಳಿಕ ನನ್ನ ದನಿ: ಯಾವ ಕಾರಣವನ್ನೂ ತಳ್ಳಿಹಾಕುವಂತಿಲ್ಲ. ಮತ್ತೊಮ್ಮೆ, ನಿಧಾನಗತಿಯಲ್ಲಿ: ತಳ್ಳಿಹಾಕುವಂತಿಲ್ಲ. ಹಿನ್ನೆಲೆಯಲ್ಲಿ ನಗಾರಿ. ಅದರ ಬೆನ್ನಿಗೇ ಜಾಹೀರಾತು: ಕುರಿ, ದನ, ಗರ್ಭಿಣಿಯರ ಕೊರಳಿಗೆ ಕಟ್ಟಲು ಕಂಪನ ನಿವಾರಕ ತಾಮ್ರದ ಬಿಲ್ಲೆ.

“ಎಷ್ಟು ಚೆಂದ ಹೇಳೀಯ ನೋಡು. ಸೀರೆ ಉಟ್ಕಂಡಿದ್ರೆ ಇನ್ನೂ ಚೆಂದ ಕಾಣ್ತಿದ್ದೆ” ಎಂದಳು ಅವ್ವ.

“ಅವ್ವ, ನಾನು ಹೇಳಿದ್ದು ಅದಲ್ಲ.”

“ಅಯ್ಯೋ, ನಿನ್ನ ಬಾಯಾಗಿಂದಲೇ ಬಂತಲ್ಲೇ! ನಾನೇನು ಕಿವುಡಿಯಾ?” ಆಮೇಲೆ ದನಿ ತಗ್ಗಿಸಿ, “ಒಂದು ಬಿಲ್ಲೆ ತರ್ಸೀನಿ. ನೀನು ದಿನಾ ಅಂತಾ ಕಡಿಗೆ ಹೋಗೋಳು. ಒಳಗ್ ಹಾಕ್ಕಳೆ, ಯಾರಿಗೂ ಕಾಣಂಗಿಲ್ಲ” ಎಂದಳು.

ನನ್ನನ್ನು ಹೆತ್ತವಳು, ನನ್ನನ್ನು ಡಾಕ್ಟರು ಮಾಡಲೇಬೇಕೆಂದು ಅಪ್ಪನೊಡನೆ ಜಗಳವಾಡಿ ಓದಿಸಿದವಳು, ನನ್ನೆದುರೇ ಕುಳಿತು ನನ್ನ ಮಾತಿಗಿಂತ ನನ್ನ ಚಿತ್ರವನ್ನು ನಂಬಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹತ್ತು ನಿಮಿಷಗಳ ಮಾತನ್ನು ಕತ್ತರಿಸಿ ಹನ್ನೊಂದು ಸೆಕೆಂಡನ್ನು ಆಯ್ದವನು ಯಾವುದು ಸುಳ್ಳೆಂದು ಬಲ್ಲ. ತಿಳಿಯದೆ ನಂಬುವವರ ತಪ್ಪಿಗೆ ಕ್ಷಮೆ ಉಂಟು. ತಿಳಿದು ಕತ್ತರಿಸುವ ಕೈಗೆ ಉಂಟೆಂದು ನಾನು ಒಪ್ಪಲಾರೆ.

ಮೇಲಧಿಕಾರಿಗಳಿಗೆ ಫೋನು ಮಾಡಿದೆ. ಮರುಹೇಳಿಕೆ ಕೊಡಲು ಅನುಮತಿ ಬೇಕೆಂದೆ.

“ಜ್ಯೋತಿಲಕ್ಷ್ಮಿಯವರೇ, ಅನುಮತಿಯಿಲ್ಲದೆ ಮೈಕಿನ ಮುಂದೆ ಮಾತಾಡಿದ್ದೇ ಮೊದಲ ತಪ್ಪು. ಸುತ್ತೋಲೆ ಓದಿದ್ದೀರಲ್ಲ?” ಅವರ ದನಿಯಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು. “ಸುಮ್ಮನಿರಿ. ಮೂರು ದಿನದಲ್ಲಿ ತಣ್ಣಗಾಗುತ್ತದೆ.”

“ಅಷ್ಟರಲ್ಲಿ ಇನ್ನೆಷ್ಟು ಕುರಿ ಕಂದು ಹಾಕುತ್ತವೆ, ಸರ್? ಅಲ್ಲೊಬ್ಬಳು ಬಸುರಿ ಬರಿಗೈಯಲ್ಲಿ ಎತ್ತುತ್ತಿದ್ದಾಳೆ.”

“ಲಿಖಿತವಾಗಿ ಕೇಳಿ. ಮೇಲಕ್ಕೆ ಕಳಿಸುತ್ತೇನೆ.”

ಬರೆದೆ. ಕಳಿಸಿದೆ. ಉತ್ತರ ಬರಲಿಲ್ಲ. ತಪ್ಪಾಗಿ ಆಡಿದ್ದ ಬಾಯಿಗೆ, ಸರಿಯಾಗಿ ಆಡಲು ಅಪ್ಪಣೆ ಇರಲಿಲ್ಲ.

ಮೂರನೆಯ ದಿನ ಬೆಳಗ್ಗೆ ರವಿಕಿರಣನೇ ಫೋನು ಮಾಡಿದ.

“ಮೇಡಂ, ನಿಮಗೆ ಬೇಜಾರಾಗೈತೆ ಅಂತ ಗೊತ್ತು. ಚರ್ಚೆಗೆ ಬರ್ರಿ, ಎಲ್ಲಾ ಬಿಡಿಸಿ ಹೇಳ್ರಿ. ಒಂದು ಕಡಿಗೆ ನೀವು, ಇನ್ನೊಂದು ಕಡಿಗೆ ಕಂಪನ ತಜ್ಞರು.”

“ಅವರು ಏನು ಓದಿದ್ದಾರೆ?”

“ಬಿಲ್ಲೆ ಮಾಡ್ತಾರಲ್ರಿ, ಅವ್ರೇ.”

“ರವಿಕಿರಣ್, ಎರಡು ಕುರ್ಚಿ ಸಮನಾಗಿ ಹಾಕಿದರೆ ನೋಡುವವರಿಗೆ ಎರಡು ಮಾತೂ ಸಮನಾಗಿ ಕಾಣುತ್ತವೆ. ನಾನು ಬರುವುದಿಲ್ಲ.”

“ಬರ್ಲಿಲ್ಲಾಂದ್ರೆ ಖಾಲಿ ಕುರ್ಚಿ ಮೇಲೆ ನಿಮ್ ಫೋಟೋ ಇಡ್ತಾರೆ ಮೇಡಂ. ಸಂಪಾದಕರು ಆಗ್ಲೇ ಹೇಳಿಬಿಟ್ಟಾರೆ. ನನ್ ಕೈಯಾಗೆ ಏನೈತ್ರಿ? ನಾನು ಕಳಿಸಿದ್ದು ಹತ್ತು ನಿಮಿಷದ್ದೇ. ಕತ್ತರಿ ಬೆಂಗಳೂರಾಗೈತೆ” ಎಂದ.

“ಕತ್ತರಿಸಿದ ಮೇಲೆ ನೀವು ನೋಡಿದಿರಲ್ಲ? ನೋಡಿದ ಮೇಲೆ ಏನು ಮಾಡಿದಿರಿ?”

ಅವನು ಫೋನು ಇಟ್ಟ. ಖಾಲಿ ಕುರ್ಚಿಯ ಮೇಲೆ ನನ್ನ ಭಾವಚಿತ್ರ ಅಂದು ಒಂದು ಗಂಟೆ ಕಾಲ ಇತ್ತೆಂದು ಅವ್ವ ಹೇಳಿದಳು.

ಅದೇ ದಿನ ಮಾದರಿಗಳ ಫಲಿತಾಂಶ ಬಂತು. ಅನುಮಾನ ನಿಜವಾಗಿತ್ತು. ಚಾಲಕ ಹನುಮಣ್ಣನೊಂದಿಗೆ ಮತ್ತೆ ಹಟ್ಟಿಗೆ ಹೋದೆ. ಪ್ರತಿ ಕುರಿಯ ಕೊರಳಲ್ಲೂ ತಾಮ್ರದ ಬಿಲ್ಲೆ ಹೊಳೆಯುತ್ತಿತ್ತು. ಕಂದು ಹಾಕಿದ ಕುರಿಗಳೂ ತುಂಬು ಗಬ್ಬದ ಕುರಿಗಳೂ ಒಂದೇ ರೊಪ್ಪದಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದವು. ಬಿಲ್ಲೆ ಕಟ್ಟಿದ ಮೇಲೆ ಬೇರ್ಪಡಿಸುವುದೇಕೆ ಎಂಬುದು ಅವರ ಎಣಿಕೆ.

ಫಲಿತಾಂಶದ ಕಾಗದವನ್ನು ಬಾಗಿಲಲ್ಲಿ ನಿಂತೇ ಓದಿ ಹೇಳಿದೆ. ಸುತ್ತ ನೆರೆದಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ದೊಡ್ಡೀರಪ್ಪ ಕೋಲನ್ನು ನೆಲಕ್ಕೆ ಊರಿದ.

“ಆ ಹುಡುಗ ಬರಿಗಾಲಾಗೆ ಒಳಗ್ ಬಂದು ಕುಂತ. ನೀವು ಬಾಗ್ಲಾಗೆ ನಿಂತ್ಕಂಡು ನಿಮ್ಮ ಕುರಿಗೆ ರೋಗ ಐತೆ ಅಂತೀರಿ. ಯಾರ ಮಾತು ನಂಬೋದು?”

“ರಕ್ತ ಹೇಳುತ್ತಿರುವುದನ್ನು ನಾನು ಓದುತ್ತಿದ್ದೇನೆ, ಯಜಮಾನರೇ.”

“ರಕ್ತ ಹೇಳ್ಲಿ ಬಿಡ್ರಿ. ಫ್ಯಾನಿಂದ ಹಿಂಗಾತು ಅಂದ್ರೆ ಕಂಪ್ನಿಯೋರು ಪರಿಹಾರ ಕೊಡ್ತಾರೆ, ಟೀವಿಯೋರು ಕೊಡಿಸ್ತಾರಂತೆ. ರೋಗ ಅಂದ್ರೆ? ನಾಳಿಂದ ಸಂತೆಯಾಗೆ ನಮ್ಮ ಹಟ್ಟಿ ಕುರಿ ಅಂದ್ರೆ ಮೂಗು ಮುಚ್ಕಂತಾರೆ. ನೀವು ಕಾಗ್ದ ಕೊಟ್ಟು ಜೀಪು ಹತ್ತಿ ಹೋಗ್ತೀರಿ. ನಾವು ಎಲ್ಲಿಗೆ ಹೋಗಾನ?”

ಸತ್ಯ ಹೇಳುವ ಕೆಲಸವನ್ನು ಸರ್ಕಾರ ನನಗೆ ಕೊಟ್ಟಿದೆ. ಆ ಸತ್ಯದಿಂದ ನಷ್ಟವಾಗುವವನ ಕೈಗೆ ಕೊಡಲು ಏನನ್ನೂ ಕೊಟ್ಟಿಲ್ಲ. ಸುಳ್ಳಿನ ಬಳಿ ಪರಿಹಾರದ ಆಸೆಯಾದರೂ ಇತ್ತು.

“ನಿಮ್ಮ ಸೊಸೆ ಎಲ್ಲಿ?” ಎಂದು ಕೇಳಿದೆ.

“ಇಲ್ಲಿ ಇಟ್ಕಳಕ್ಕೆ ನಾವೇನು ಹುಚ್ಚರಾ? ಫ್ಯಾನು ಕಾಣದ ಊರಿಗೆ ಕಳಿಸೀವಿ. ದೇವಸಮುದ್ರದಾಗೆ ತವರು. ಅವಳ ಬಳುವಳಿ ಕುರಿ ನಾಕೂ ಅವಳ ಜೊತಿಗೇ ಹೋದ್ವು. ಅವಕ್ಕೂ ಗಬ್ಬ ಐತೆ, ಉಳ್ಕಳ್ಳಿ ಅಂತ.”

ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟ ಕುರಿಗಳು ಬಳುವಳಿ ಕುರಿಗಳು. ಅವು ಅವಳವೇ, ಮಗಳು ಹೋದಲ್ಲಿಗೆ ಅವೂ ಹೋಗಬೇಕೆಂಬುದು ಒಳ್ಳೆಯ ವಾಡಿಕೆ. ಆ ಒಳ್ಳೆಯ ವಾಡಿಕೆಯೇ ರೋಗವನ್ನು ಅವಳ ಬೆನ್ನಿಗೆ ಕಟ್ಟಿತ್ತು. ಅಪಾಯದಿಂದ ದೂರ ಮಾಡುತ್ತೇವೆಂದು ನಂಬಿ, ಅವರು ಅಪಾಯವನ್ನೇ ಜೊತೆಗಿಟ್ಟು ಕಳುಹಿಸಿದ್ದರು.

ಜೀಪಿನಲ್ಲಿ ಕುಳಿತು ರೂಪಳ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ. ದೊಡ್ಡೀರಪ್ಪ ಅದನ್ನೂ ತವರಿನವರ ಹೆಸರನ್ನೂ ಹೇಳಲೊಪ್ಪಿರಲಿಲ್ಲ. ಆಗ ಅನುಮತಿಗೆ ಕಾಯುವುದನ್ನು ಬಿಟ್ಟೆ. ಫೋನು ತೆಗೆದು, ನಮ್ಮ ತಾಲ್ಲೂಕುಗಳ ಕುರಿಗಾರರ ವಾಟ್ಸಾಪ್ ಗುಂಪುಗಳಿಗೆ ಧ್ವನಿಸಂದೇಶ ಕಳಿಸಿದೆ. ಯಾವ ಊರು, ಯಾರ ಮಂದೆ ಎಂಬುದನ್ನು ಹೇಳಲಿಲ್ಲ.

“ನಾನು ಡಾಕ್ಟರ್ ಜ್ಯೋತಿಲಕ್ಷ್ಮಿ. ಟೀವಿಯಲ್ಲಿ ಬಂದವಳು ನಾನೇ. ಅವತ್ತು ನಾನು ಸ್ಪಷ್ಟವಾಗಿ ಹೇಳಲಿಲ್ಲ, ಅದು ನನ್ನ ತಪ್ಪು. ಈಗ ಗೊತ್ತಾಗಿರುವುದನ್ನು ಹೇಳುತ್ತೇನೆ. ಕುರಿ ಕಂದು ಹಾಕುತ್ತಿರುವುದು ರೋಗಾಣುವಿನಿಂದ, ಫ್ಯಾನಿನಿಂದಲ್ಲ. ನಾನು ಬೂಟು ಹಾಕಿದ್ದು ಆ ರೋಗಾಣುವಿಗೆ ಹೆದರಿ. ಬಿದ್ದ ಮರಿಯನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿ. ಹಾಲು ಕಾಯಿಸಿಯೇ ಕುಡಿಯಿರಿ. ಬಸುರಿ ಹೆಂಗಸರು ರೊಪ್ಪಕ್ಕೆ ಹೋಗಬೇಡಿ. ಜ್ವರ ಬಂದರೆ ಆಸ್ಪತ್ರೆಗೆ ಹೋಗಿ, ಔಷಧ ಇದೆ.”

ಹನುಮಣ್ಣ ಕೇಳಿಸಿಕೊಂಡು ತಲೆಯಾಡಿಸಿದ. “ಚೆನ್ನಾಗೈತೆ ಮೇಡಂ. ನಗಾರಿ ಒಂದಿಲ್ಲ ನೋಡ್ರಿ, ಅದೇ ಕೊರತೆ.”

ಸಂಜೆಯೊಳಗೆ ವಾಹಿನಿ ಆ ಸಂದೇಶವನ್ನೂ ಬಿಡಲಿಲ್ಲ. ‘ಕಂಪನಿಯ ಒತ್ತಡಕ್ಕೆ ಮಣಿದು ಮಾತು ಬದಲಿಸಿದ ವೈದ್ಯೆ!’ ಎಡಗಡೆ ಹಳೆಯ ಹನ್ನೊಂದು ಸೆಕೆಂಡು, ಬಲಗಡೆ ಹೊಸ ದನಿ, ನಡುವೆ ಪ್ರಶ್ನಾರ್ಥಕ ಚಿಹ್ನೆ. ನನ್ನ ತಿದ್ದುಪಡಿಯೇ ನನ್ನ ಅಪರಾಧಕ್ಕೆ ಪುರಾವೆಯಾಯಿತು. ಮರುದಿನ ಬೆಳಗ್ಗೆ ಕಚೇರಿಯ ಮೇಜಿನ ಮೇಲೆ ಕಾರಣ ಕೇಳುವ ನೋಟಿಸು ಬಂದು ಕುಳಿತಿತ್ತು. ಮೌನವಾಗಿದ್ದರೆ ಒಪ್ಪಿಕೊಂಡಂತೆ, ಮಾತಾಡಿದರೆ ಮಾರಿಕೊಂಡಂತೆ, ಬರೆದು ಕೇಳಿದರೆ ಉತ್ತರವಿಲ್ಲ. ಎತ್ತ ತಿರುಗಿದರೂ ಗೋಡೆ.

ಆಗ ಫೋನು ಬಂತು. ಅಪರಿಚಿತ ಸಂಖ್ಯೆ.

“ಮೇಡಮ್ಮೋರೆ, ನಾನು ರೂಪ. ಹಟ್ಟಿಯಾಗೆ ನಂಬರ್ ಹಾಕ್ಕೊಟ್ಟಿದ್ರಲ್ಲ. ನಿಮ್ಮ ಮಾತು ನಮ್ಮಣ್ಣನ ಫೋನಾಗೆ ಬಂದಿತ್ತು.” ದನಿ ಬಹಳ ಸಣ್ಣಗಿತ್ತು. “ನಂಗೆ ನಾಕು ದಿನದಿಂದ ಸಂಜಿಕೆ ಜ್ವರ. ಬೆಳಗ್ಗೆ ಬೆವ್ತು ಬಿಟ್ಟೋಗ್ತೈತೆ. ಸೊಂಟ ಎಲ್ಲಾ ನೋವು. ಯಾರಿಗೂ ಹೇಳಿಲ್ಲ. ನನ್ ಮಗೀಗೆ ಏನಾರ ಆಗ್ತೈತಾ?”

ಒಂದು ಗಂಟೆಯಲ್ಲಿ ದೇವಸಮುದ್ರದ ದಾರಿಯಲ್ಲಿದ್ದೆ. ರೋಗ ತಗಲಿದ ಮಂದೆಯಿಂದ ಬಂದ ಕುರಿಗಳ ತಪಾಸಣೆ ನನ್ನ ಕರ್ತವ್ಯವೇ ಆಗಿತ್ತು. ಅದನ್ನು ಯಾವ ನೋಟಿಸೂ ತಡೆಯುವಂತಿರಲಿಲ್ಲ.

ರೂಪಳ ತವರುಮನೆ ಬಸ್ ನಿಲ್ಲುವ ಜಾಗಕ್ಕೆ ಹತ್ತಿರವೇ. ಅಂಗಳದ ಬೇವಿನ ಮರದಡಿ ನಾಲ್ಕು ಕುರಿಗಳು ಕಟ್ಟಿದ್ದವು. ಎರಡು ಆಗಲೇ ಕಂದು ಹಾಕಿದ್ದವು. ರೂಪ ಜಗಲಿಯ ಮೇಲೆ ಮಲಗಿದ್ದಳು. ಸೊಸೆಯ ಜೊತೆಗೆಂದು ಬಂದಿದ್ದ ಪಾತಮ್ಮ ಅವಳ ಕಾಲು ನೀವುತ್ತಿದ್ದಳು.

“ಬಂದ್ರಾ, ಬರ್ರಿ. ಟೀವಿಯಾಗೆ ಬಯ್ತಾರೆ, ಇಲ್ಲಿ ಬಂದು ನಮ್ಮತ್ರನೂ ಬೈಸ್ಕಳಾಕೆ ಬಂದ್ರಾ?” ಎಂದಳು ಪಾತಮ್ಮ. ಆದರೆ ಕುಳಿತುಕೊಳ್ಳಲು ಚಾಪೆ ಹಾಸಿದಳು.

“ಪಾತಮ್ಮನವರೇ, ಇವತ್ತು ನಾನು ಏನೂ ಹೇಳುವುದಿಲ್ಲ. ನೀವೇ ನೋಡಿ.”

ನಾಲ್ಕು ಕುರಿಗಳ ರಕ್ತ ತೆಗೆದೆ. ಎಲ್ಲೂ ಕಂದು ಹಾಕಿರದ ಪಕ್ಕದ ಮನೆಯ ಮಂದೆಯಿಂದ ಒಂದು ಕುರಿಯನ್ನು ತರಿಸಿ ಅದರ ರಕ್ತವನ್ನೂ ತೆಗೆದೆ. ಕೊಳವೆಗಳನ್ನು ನೆರಳಿನಲ್ಲಿ ಓರೆಯಾಗಿ ಇಟ್ಟು, ರಕ್ತ ಹೆಪ್ಪುಗಟ್ಟಿ ಮೇಲೆ ತಿಳಿ ನಿಲ್ಲುವವರೆಗೆ ಕಾದೆವು. ಆ ಹೊತ್ತಿನಲ್ಲಿ ಅಕ್ಕಪಕ್ಕದವರು ನೆರೆದರು. ಬಿಳಿಯ ಪಿಂಗಾಣಿ ಹಂಚಿನ ಮೇಲೆ ಐದು ಹನಿ ತಿಳಿ ಹಾಕಿ, ಪ್ರತಿಯೊಂದರ ಪಕ್ಕ ರೋಗ ಪರೀಕ್ಷೆಯ ಗುಲಾಬಿ ಬಣ್ಣದ ದ್ರವದ ಒಂದು ಹನಿ ಬಿಟ್ಟು, ಕಡ್ಡಿಯಿಂದ ಕಲಸಿ, ಹಂಚನ್ನು ಪಾತಮ್ಮನ ಕೈಗೇ ಕೊಟ್ಟು ಮೆಲ್ಲಗೆ ಆಡಿಸಲು ಹೇಳಿದೆ.

ನಾಲ್ಕು ನಿಮಿಷ. ಪಕ್ಕದ ಮನೆಯ ಕುರಿಯ ಹನಿ ನುಣ್ಣಗೆ ಹಾಗೆಯೇ ಉಳಿಯಿತು. ರೂಪಳ ಕುರಿಗಳ ಹನಿಗಳಲ್ಲಿ ಮೂರು, ಕಣ್ಣೆದುರೇ ಕಾಳುಕಾಳಾದವು.

“ಹಾಲು ಒಡ್ದಂಗಾತಲ್ಲೇ!” ಎಂದಳು ಪಾತಮ್ಮ.

“ರೋಗಾಣು ಹೊಕ್ಕ ಕುರಿಯ ರಕ್ತ ಹೀಗೆ ಒಡೆಯುತ್ತದೆ. ಹೊಗದಿದ್ದರೆ ಒಡೆಯುವುದಿಲ್ಲ. ಈ ಊರಿಂದ ಫ್ಯಾನು ಕಾಣುತ್ತದೆಯೇ?”

ಪಾತಮ್ಮ ಹಂಚನ್ನು ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ತನ್ನ ತೋಳನ್ನು ಚಾಚಿದಳು. “ನಂದೂ ತಗಂಡು ನೋಡ್ರಿ.”

“ಮನುಷ್ಯರ ರಕ್ತ ನಾನು ತೆಗೆಯುವಂತಿಲ್ಲ, ಪಾತಮ್ಮನವರೇ. ಅದು ಆಸ್ಪತ್ರೆಯ ಕೆಲಸ. ಯಾಕೆ?”

“ನಾನು ಸೊಸಿಯಾಗಿ ಬಂದ ಮೂರು ವರ್ಸಕ್ಕೆ ಹಟ್ಟಿಯಾಗೆ ಹಿಂಗೇ ಕುರಿ ಕಂದು ಹಾಕಿದ್ವು. ನಾನೇ ಬಾಚಿ ಎಸೀತಿದ್ದೆ. ಆ ವರ್ಸ ನಂದೂ ಹೋತು. ಮುಂದಿನ ವರ್ಸನೂ ಹೋತು. ಸಂಜಿ ಜ್ವರ ನಂಗೂ ಬರ್ತಿತ್ತು.” ಅವಳು ಯಾರ ಮುಖವನ್ನೂ ನೋಡದೆ ಹೇಳುತ್ತಿದ್ದಳು. “ನಮ್ಮತ್ತಿ ನನ್ ನಡತಿ ಮೇಲೆ ಹೇಳಿದ್ಲು. ದೇವರಿಗೆ ತಪ್ಪು ನಡಕಂಡೀಯ ಅಂದ್ಲು. ನಾನೂ ಹೌದೇನೋ ಅಂದ್ಕಂಡು ಇಷ್ಟು ವರ್ಸ ಬದುಕೀನಿ.”

ಅವಳ ಆ ಎರಡು ಗರ್ಭಗಳು ಇದೇ ರೋಗದಿಂದ ಹೋದವೇ? ನನಗೆ ತಿಳಿಯದು, ತಿಳಿಯಲು ಈಗ ದಾರಿಯೂ ಇಲ್ಲ. ಹಾಗೆಂದೇ ಹೇಳಿದೆ: “ಇರಬಹುದು ಅನ್ನಿಸುತ್ತದೆ. ಖಚಿತವಾಗಿ ಹೇಳಲಾರೆ. ನಿಮ್ಮ ನಡತೆಯಿಂದ ಅಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳುತ್ತೇನೆ.”

ರೂಪ ಎದ್ದು ಕುಳಿತಿದ್ದಳು. “ನನ್ ಮಗೀಗೆ?”

“ಗೊತ್ತಿಲ್ಲ ರೂಪ. ಜ್ವರ ಇದೇ ರೋಗದ್ದೋ ಅಲ್ಲವೋ, ಆಸ್ಪತ್ರೆಯಲ್ಲಿ ರಕ್ತ ನೋಡಬೇಕು. ಇದೇ ಆಗಿದ್ದರೆ ಬಸುರಿಗೂ ಕೊಡುವ ಔಷಧ ಇದೆ. ತಡಮಾಡಿದಷ್ಟೂ ಕಷ್ಟ. ಇವತ್ತೇ ಹೋಗಬೇಕು.”

ಪಾತಮ್ಮ ಗಂಡನಿಗೆ ಫೋನು ಮಾಡಿದಳು. ದೊಡ್ಡೀರಪ್ಪನ ದನಿ ಅಂಗಳಕ್ಕೆಲ್ಲ ಕೇಳಿಸಿತು.

“ಕಳಿಸಬ್ಯಾಡ ಅಂದ್ನಲ್ಲ! ಆಸ್ಪತ್ರಿಯಾಗೆ ರೋಗ ಅಂತ ಬರದ್ರೆ ಪರಿಹಾರ ಹೋತು, ಮಂದೆನೂ ಹೋತು. ಫ್ಯಾನಿಂದ ಆಗಿದ್ದು ಅಂತ ಊರೇ ಹೇಳ್ತೈತೆ!”

“ಅವತ್ತು ನಂದು ಹೋದಾಗ ಯಾವ ಫ್ಯಾನು ಇತ್ತು ಹೇಳು? ಗುಡ್ಡದ ಮ್ಯಾಲೆ ಏನಿತ್ತು?” ಎಂದಳು ಪಾತಮ್ಮ. “ಕರ್ಕಂಡು ಹೋಗ್ತೀನಿ” ಎಂದು ಫೋನನ್ನು ಸೆರಗಿಗೆ ಕಟ್ಟಿಕೊಂಡಳು.

ರೂಪಳನ್ನು ಜೀಪಿಗೆ ಹತ್ತಿಸುವಾಗ ಹನುಮಣ್ಣ ತಲೆ ಕೆರೆದುಕೊಂಡ. “ಕುರಿ ಜೀಪಾಗೆ ಬಸುರಿ ಹೆಂಗ್ಸು. ಪುಸ್ತಕದಾಗೆ ಏನಂತ ಬರೀಲಿ ಮೇಡಂ?”

“ನಡೆದದ್ದನ್ನೇ ಬರಿ. ಸಹಿ ನಾನು ಹಾಕುತ್ತೇನೆ.”

ಅಂಗಳದಲ್ಲಿ ನೆರೆದಿದ್ದವರಲ್ಲಿ ಯಾರೋ ಚಿತ್ರ ತೆಗೆದು ಕಳಿಸಿರಬೇಕು. ಮೊಳಕಾಲ್ಮೂರು ಸೇರುವಷ್ಟರಲ್ಲಿ ರವಿಕಿರಣನ ಬೈಕು ರಸ್ತೆಗೆ ಅಡ್ಡ ನಿಂತಿತ್ತು. ಜನ ಗುಂಪುಗೂಡಿದರು. ಕ್ಯಾಮೆರಾ ಜೀಪಿನ ಗಾಜಿಗೆ ಅಂಟಿಕೊಂಡಿತು. ರೂಪ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಒಳಗೆ ಗಾಳಿಯಿರಲಿಲ್ಲ, ಅವಳ ಮೈಯ ಬಿಸಿ ನನ್ನ ತೋಳಿಗೆ ತಾಗುತ್ತಿತ್ತು.

“ಮೇಡಂ, ಒಂದೇ ಮಾತು! ಈ ಹೆಣ್ಮಗಳಿಗೆ ಏನಾಗೈತೆ? ಫ್ಯಾನಿನ ಎಫೆಕ್ಟಾ? ಅಲ್ಲ ಅಂದ್ರೆ ಏನು, ಹೇಳ್ರಿ!”

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ಎಚ್ಚರದ ಮಾತಲ್ಲ, ಒಂದೇ ಏಟಿನ ಮಾತು. ಆದರೆ ರೂಪಳ ರೋಗ ರೂಪಳ ಸ್ವತ್ತು. ಅದನ್ನು ಇಲ್ಲಿ ಬಿಚ್ಚಿದರೆ ನಾಳೆ ಅವಳ ಹೆಸರು, ಅವಳ ಹಟ್ಟಿ, ಅವಳ ಗರ್ಭ, ಎಲ್ಲವೂ ಆ ಕೆಂಪು ವೃತ್ತದೊಳಗೆ. ಬಿಚ್ಚದಿದ್ದರೆ ಈ ಮುಚ್ಚಿದ ಮುಖವೇ ಫ್ಯಾನಿನ ವಿರುದ್ಧ ಸಾಕ್ಷಿ. ಸತ್ಯವನ್ನು ಗೆಲ್ಲಿಸಲು ರೋಗಿಯನ್ನು ಪಣಕ್ಕಿಡುವ ಹಕ್ಕು ಯಾವ ವಿಜ್ಞಾನಿಗೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಗಾಜಿನ ಆಚೆ ರವಿಕಿರಣ್ ನನ್ನ ಕಣ್ಣನ್ನೇ ನೋಡುತ್ತಿದ್ದ. ಅವನಿಗೆ ಅರ್ಥವಾಯಿತೆಂದು ನನಗೆ ತೋರಿತು. ಆದರೂ ಕ್ಯಾಮೆರಾ ಇಳಿಸಲಿಲ್ಲ.

ಹನುಮಣ್ಣ ಹಾರ್ನು ಒತ್ತಿ ಹಿಡಿದು ಅಂಗುಲ ಅಂಗುಲವಾಗಿ ಜೀಪು ನುಗ್ಗಿಸಿದ.

ಆಸ್ಪತ್ರೆಯಲ್ಲಿ ವೈದ್ಯೆ ತಡಮಾಡಲಿಲ್ಲ. ಮಗುವಿನ ಎದೆಬಡಿತ ಸರಿಯಾಗಿತ್ತು. ರಕ್ತದ ಮೊದಲ ಪರೀಕ್ಷೆ ನಾವು ಹೆದರಿದ್ದನ್ನೇ ಹೇಳಿತು; ಖಚಿತಪಡಿಸಲು ಇನ್ನೊಂದು ಮಾದರಿ ಬೇರೆಡೆಗೆ ಹೋಯಿತು. ವಾರಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕಾದ ಮಾತ್ರೆಗಳನ್ನು ಬರೆದುಕೊಟ್ಟರು. ಮಗು ಉಳಿಯುತ್ತದೆಯೇ ಎಂದು ರೂಪ ಅವರನ್ನೂ ಕೇಳಿದಳು. ಉಳಿಸಲು ನೋಡೋಣ ಎಂದರು ಅವರು. ಅದಕ್ಕಿಂತ ಹೆಚ್ಚು ಹೇಳಲು ಅವರಿಂದಲೂ ಸಾಧ್ಯವಿರಲಿಲ್ಲ.

ವಾರ್ಡಿನ ಪಕ್ಕದ ಹಾಸಿಗೆಯ ಹೆಂಗಸಿನ ಫೋನಿನಲ್ಲಿ ನಮ್ಮ ಜೀಪು ಆಗಲೇ ಓಡುತ್ತಿತ್ತು: ‘ಫ್ಯಾನಿಗೆ ಮೊದಲ ಮನುಷ್ಯ ಬಲಿ? ಬಾಯಿ ಮುಚ್ಚಿಕೊಂಡ ವೈದ್ಯೆ!’ ಆ ಹೆಂಗಸು ಪರದೆಯನ್ನೂ ರೂಪಳನ್ನೂ ಬದಲಿಸಿ ಬದಲಿಸಿ ನೋಡಿ, “ನೀನೇನಮ್ಮಾ ಅದು?” ಎಂದು ಪಿಸುಗುಟ್ಟಿದಳು.

ಹಾಸಿಗೆಯ ಪಕ್ಕದ ಕಿಟಕಿಯಿಂದ ದೂರದ ಗುಡ್ಡದ ಸಾಲು ಕಾಣುತ್ತಿತ್ತು. ಅದರ ನೆತ್ತಿಯ ಮೇಲೆ ಬೆರಳಿನಷ್ಟು ಸಣ್ಣದಾಗಿ ಎರಡು ಗಾಳಿಯಂತ್ರಗಳು. ಪಾತಮ್ಮ ಅವನ್ನು ನೋಡಿದಳು. ಎದ್ದು ಹೋಗಿ ಕಿಟಕಿಯ ಬಾಗಿಲುಗಳನ್ನು ಎಳೆದು ಚಿಲಕ ಹಾಕಿದಳು.

“ಪಾತಮ್ಮನವರೇ, ನೀವೇ ಹೇಳಿದಿರಲ್ಲ, ಆಗ ಫ್ಯಾನು ಇರಲಿಲ್ಲವೆಂದು? ಹಂಚನ್ನು ನೀವೇ ಆಡಿಸಿ ನೋಡಿದಿರಲ್ಲ?”

“ನೋಡ್ದೆ. ಸುಳ್ಳು ಅಂದ್ನಾ?” ಅವಳು ನನ್ನತ್ತ ತಿರುಗಿದಳು. “ನಿಮ್ಮ ಮಾತ್ರೆನೂ ನುಂಗಿಸ್ತೀನಿ. ಕಿಟಕಿನೂ ಮುಚ್ತೀನಿ. ಎರಡು ಕಳಕಂಡೋಳು ನಾನು. ಯಾವುದನ್ನ ಬಿಡ್ಲಿ ಹೇಳ್ರಿ.”

ನಾನು ಎದ್ದು ಕಿಟಕಿ ತೆರೆಯಬಹುದಿತ್ತು. ಕೈ ಚಿಲಕದವರೆಗೂ ಹೋಯಿತು. ರೂಪ ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಮುಚ್ಚಿರ್ಲಿ ಬಿಡ್ರಿ ಮೇಡಮ್ಮೋರೆ. ಅತ್ತಿ ಸಮಾಧಾನ ಆದ್ರೆ ನಂಗೆ ದಿನಾ ಮಾತ್ರೆ ಕೊಡ್ತಾಳೆ.”

ಬೇಸಗೆಯ ಮಧ್ಯಾಹ್ನ. ಮುಚ್ಚಿದ ಕೋಣೆಯಲ್ಲಿ ಔಷಧದ ಮತ್ತು ಬೆವರಿನ ವಾಸನೆ ಗಟ್ಟಿಯಾಗುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕುಳಿತೆ, ಮೊದಲ ಮಾತ್ರೆಯನ್ನು ಬಿಡಿಸಿ ಪಾತಮ್ಮನ ಅಂಗೈಯಲ್ಲಿಟ್ಟೆ. ಅವಳು ಅದನ್ನು ಸೊಸೆಯ ನಾಲಿಗೆಯ ಮೇಲಿಟ್ಟು ನೀರು ಕುಡಿಸಿ, ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿದಳು.